ಹಿತ್ತಲಿನ ಅಂಬಾರಿ

ಬಹಳ ಬಹಳ ಹಿಂದೆ, ಏಳು ಕೆರೆಗಳಾಚೆ, ಕಣಗಲೂರು ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲರಿಗೂ ಮನೆಯಿತ್ತು, ಮನೆಯಲ್ಲಿ ಚಾಪೆಯಿತ್ತು, ಚಾಪೆಯ ಮೇಲೆ ದಿಂಬಿತ್ತು. ನಿದ್ದೆ ಮಾತ್ರ ಯಾರಿಗೂ ಇರಲಿಲ್ಲ. ಜನ ಮಲಗುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಆದರೆ ಏಳುವಾಗ ಮಲಗುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ದಣಿದಿರುತ್ತಿದ್ದರು.

ಇದಕ್ಕೆ ಕಾರಣವನ್ನು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಣಗಲೂರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಮನೆ ಕಟ್ಟಿದವರು ಹೊಸ್ತಿಲ ಮುಂದೆ ನಿಂತು ತಮ್ಮ ಹೆಸರನ್ನು ಕೂಗಬೇಕು. ಆಗ ಮನೆಗೆ ತಾನು ಯಾರದೆಂದು ತಿಳಿಯುತ್ತದೆ. ಅಂದಿನಿಂದ ಅದು ತನ್ನ ತಂಪನ್ನೂ ನೆಮ್ಮದಿಯನ್ನೂ ನಿದ್ದೆಯನ್ನೂ ಆ ಹೆಸರಿನವರಿಗೂ ಅವರ ಮನೆಮಂದಿಗೂ ಕೊಡುತ್ತದೆ. ಕೂಗುವ ಹಿಂದಿನ ದಿನ ಅವರು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿರಬೇಕು. ಏಕೆಂದರೆ ದಣಿದ ದನಿ ಮನೆಗೆ ಕೇಳಿಸುವುದಿಲ್ಲ. ಗೋಡೆಯೂ ಹೊಸತು, ತೊಲೆಯೂ ಹೊಸತು. ದಣಿವೆಂದರೇನೆಂದು ಅವಕ್ಕೆ ಹೇಗೆ ಗೊತ್ತಾಗಬೇಕು?

ಆ ರಾಜ್ಯದ ದೊರೆ ವೀರದಂಡಿರಾಯ ಕೋಟೆಗೆ ಹೊಸ ಹೆಬ್ಬಾಗಿಲು ಇಡಿಸಿದ. ಇಡೀ ರಾಜ್ಯವೇ ಒಂದು ಮನೆ, ಹೆಬ್ಬಾಗಿಲೇ ಅದರ ಹೊಸ್ತಿಲು, ತಾನೊಬ್ಬ ಕೂಗಿದರೆ ಎಲ್ಲರಿಗೂ ಆಯಿತು ಎಂಬುದು ಅವನ ಆಸೆ. ಆದರೆ ಹಿಂದಿನ ದಿನ ಮಲಗಿರಬೇಕಾದವನು ಮಲಗಲಿಲ್ಲ. ತೋರಣ ಕಟ್ಟಿದರೇ, ಕಹಳೆಯವರು ಬಂದರೇ, ಹೋಳಿಗೆಗೆ ಬೇಳೆ ಬೆಂದಿತೇ ಎಂದು ಊರೆಲ್ಲ ಓಡಾಡಿದ. ಬೆಳಿಗ್ಗೆ ಹೆಬ್ಬಾಗಿಲ ಮುಂದೆ ನಿಂತು ಬಾಯಿ ತೆರೆದರೆ ಗಂಟಲಿನಿಂದ ಬರಿಯ ಗಾಳಿ ಬಂತು. ಆಗ ಧೂಮಜಟನೆಂಬ ಮಾಂತ್ರಿಕ, ಹಿಂದಿನ ದಿನವೆಲ್ಲ ಹಾಯಾಗಿ ಮಲಗಿದ್ದವನು, ಮುಂದೆ ಬಂದು, "ದೊರೆಗಳು ಸುಮ್ಮನಿರಬೇಕು. ನಿಮ್ಮ ಪರವಾಗಿ ನಾನೇ ಕೂಗುತ್ತೇನೆ" ಎಂದ. ಕೂಗಿಯೂ ಕೂಗಿದ. ಆದರೆ ಕೂಗಿದ್ದು ತನ್ನ ಹೆಸರನ್ನು.

ಅಂದಿನಿಂದ ಕಣಗಲೂರಿನ ಎಲ್ಲ ಮನೆಗಳ ನಿದ್ದೆಯೂ ಧೂಮಜಟನಿಗೆ ಹೋಯಿತು. ಅವನು ತನ್ನ ಗೋಪುರದಲ್ಲಿ ಮಲಗಿ ಮಲಗಿ ಬೆಟ್ಟದಂತಾದ. ಜನ ಬತ್ತಿದರು. ಮತ್ತೆ ತಮ್ಮ ಹೆಸರು ಕೂಗೋಣವೆಂದರೆ ಯಾರ ದನಿಯಲ್ಲೂ ಕಸುವಿರಲಿಲ್ಲ. ಹೊಸ ಗುಡಿಸಲು ಹಾಕಿದರೂ ಅದು ಹೆಬ್ಬಾಗಿಲ ಒಳಗಿನದೇ, ಆದ್ದರಿಂದ ಅದೂ ಅವನದೇ. ದಣಿವು ಮೈಯಲ್ಲಿ ತೀರ ಹೆಚ್ಚಾದವರು ಪಾದದಿಂದ ಮೇಲಕ್ಕೆ ನಿಧಾನವಾಗಿ ಕಲ್ಲಾಗುತ್ತಿದ್ದರು. ಬೀದಿಯಲ್ಲಿ ಹಾಗೆ ನಿಂತುಹೋದವರ ಹೆಗಲ ಮೇಲೆ ಜನ ಒದ್ದೆ ಬಟ್ಟೆ ಒಣಗಿಸುತ್ತಿದ್ದರು. ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹಗ್ಗ ಕಟ್ಟುವಷ್ಟು ತ್ರಾಣ ಯಾರಲ್ಲಿತ್ತು?

ಈ ಊರಿನಲ್ಲಿ ಹಾಲವ್ವ ಎಂಬವಳು ಮಂಡಕ್ಕಿ ಭಟ್ಟಿ ಇಟ್ಟಿದ್ದಳು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಒಲೆಗೆ ಭಟ್ಟಿ ಎನ್ನುತ್ತಾರೆ. ಅದರ ಮುಂದೆ ದಿನವಿಡೀ ನಿಲ್ಲಬೇಕು. ಅವಳ ತಮ್ಮ ಬರಮ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅವಳೇ. ಈಗ ಅವನು ಮೀಸೆ ಬಂದ ಹುಡುಗ. ಅಕ್ಕಿ ಹೊರುವುದು, ಬೂದಿ ಚೆಲ್ಲುವುದು ಅವನ ಪಾಲಿನ ಕೆಲಸ.

ಒಂದು ದಿನ ಬರಮ ನೋಡುತ್ತಾನೆ, ಅಕ್ಕನ ಎರಡು ಪಾದಗಳೂ ಕಲ್ಲಾಗಿವೆ.

"ಅಕ್ಕಾ, ನಿನ್ನ ಕಾಲು!"

"ಬಿಡೋ, ಭಟ್ಟಿ ಮುಂದೆ ನಿಲ್ಲೋಳಿಗೆ ಕಾಲುನೋವು ತಪ್ತು" ಎಂದಳು ಹಾಲವ್ವ, ಸೌಟು ಬಿಡದೆ. "ಬೂದಿ ತುಂಬೈತೆ ನೋಡು, ಚೆಲ್ಲಿ ಬಾ."

ಬರಮ ಬೂದಿಬುಟ್ಟಿ ಹೊತ್ತು ಊರ ತಿಪ್ಪೆಗೆ ಹೋದ. ಅವನ ಕಣ್ಣು ಒದ್ದೆಯಾಗಿತ್ತು. ಅಲ್ಲಿ ಒಂದು ಒಡಕು ಕಣಜ ಬಿದ್ದಿತ್ತು. ಕಾಳು ತುಂಬಿಡುವ ದೊಡ್ಡ ಬಿದಿರಿನ ಕಣಜ; ಯಾರೋ ಬಿಸಾಡಿದ್ದು. ಅದರೊಳಗೆ ಒಂದು ಕಂದು ನಾಯಿ ಮಲಗಿತ್ತು. ಸುಮ್ಮನೆ ಮಲಗಿರಲಿಲ್ಲ, ನಿದ್ದೆ ಮಾಡುತ್ತಿತ್ತು! ಕಾಲು ಕನಸಿನಲ್ಲಿ ಓಡುತ್ತಿದ್ದವು, ಮೂಗು ಗೊರ್ ಎನ್ನುತ್ತಿತ್ತು. ಬರಮ ಕಣಜದೊಳಗೆ ತಲೆ ಇಟ್ಟ. ಅವನಿಗೂ ಒಂದು ಚೂರು ತೂಕಡಿಕೆ ಬಂತು. ನಿಜವಾದ ತೂಕಡಿಕೆ. ನಾಯಿ ಎದ್ದು ಗುರುಗುಟ್ಟಿದ್ದರಿಂದ ತಲೆ ತೆಗೆದ.

ಓಡಿಬಂದು ಅಕ್ಕನಿಗೆ ಹೇಳಿದ. ಹಾಲವ್ವ ಯೋಚಿಸಿ, "ಮನೆಗಳೆಲ್ಲ ಅವನ ಹೆಸರಲ್ಲಿ ಇದಾವೆ. ಬಿಸಾಕಿದ್ದು ಯಾವ ಮನೆಗೂ ಸೇರಿದ್ದಲ್ಲ. ಅದಕ್ಕೆ ಹೆಸರೇ ಉದುರಿಹೋಗಿರ್ತದೆ" ಎಂದಳು.

"ಹಂಗಾದ್ರೆ ಬಿಸಾಕಿದ ಸಾಮಾನಿಂದ ಹಿತ್ತಲಲ್ಲಿ ಒಂದು ಚಪ್ಪರ ಹಾಕ್ತೀನಿ. ಕಣಜದಲ್ಲಿ ನಾಯಿ ಹಿಡಿಸ್ತದೆ, ನೀನು ಹಿಡಿಸಲ್ಲ."

"ನಾನೇನು ಅಷ್ಟು ದಪ್ಪ ಇದೀನಾ?" ಎಂದಳು ಅಕ್ಕ. ಆಮೇಲೆ, "ಕಂಬ ಬೇಕು, ಮೇಲೆ ಹೊದಿಸೋಕೆ ಮಾಡು ಬೇಕು, ಹೊಸ್ತಿಲು ಬೇಕು. ಹೊಸ್ತಿಲು ಇಲ್ದಿದ್ರೆ ಹೆಸರು ಕೂಗೋಕಾಗಲ್ಲ. ಬೇಗ ಬಾರೋ ಬರಮ" ಎಂದಳು. ಅವಳು ಬೇಗ ಎಂದದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಬಿಸಾಡಿದ ವಸ್ತುವಿನ ಗುಟ್ಟು ಧೂಮಜಟನಿಗೂ ಗೊತ್ತಿತ್ತು. ಆದ್ದರಿಂದ ಹಾಳುಬಿದ್ದ ದೊಡ್ಡ ಸಾಮಾನುಗಳಿಗೆಲ್ಲ ಅವನು ಮಾಯದ ಮೃಗಗಳನ್ನು ಕಾವಲಿಟ್ಟಿದ್ದ. ಮುರುಕು ಕಣಜವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬರಮ ಮೊದಲು ಬತ್ತಿದ ಕೆರೆಗೆ ಹೋದ. ಕೆರೆಯ ನಡುವೆ ಒಂದು ಒಡೆದ ದೋಣಿ ಮಗುಚಿ ಬಿದ್ದಿತ್ತು. ಅದರ ಪಕ್ಕದಲ್ಲಿ ಕಬ್ಬಿಣದ ಮೊಸಳೆಯೊಂದು ಬಾಯಿ ತೆರೆದುಕೊಂಡಿತ್ತು. ಮಾಂತ್ರಿಕ ಅದಕ್ಕೆ ರೆಪ್ಪೆಗಳನ್ನೇ ಮಾಡಿರಲಿಲ್ಲ, ಆದ್ದರಿಂದ ಅದು ಕಣ್ಣು ಮುಚ್ಚುವಂತಿರಲಿಲ್ಲ.

"ಇದು ಯಾರದು?" ಎಂದು ಮೊಸಳೆ ಕೇಳಿತು. ನನ್ನದು ಎಂದವರನ್ನು ಅದು ನುಂಗಬೇಕು, ಅದೇ ಅದಕ್ಕಿದ್ದ ಅಪ್ಪಣೆ.

"ನನ್ನದಲ್ಲ" ಎಂದ ಬರಮ.

"ನಿನ್ನದಾಗಬೇಕೋ?"

"ಬೇಡ. ಅಕ್ಕ ಇದರ ನೆರಳಲ್ಲಿ ಮಲಗಿದ್ರೆ ಸಾಕು."

ಮೊಸಳೆ ದವಡೆ ಅಲುಗಿಸಲು ನೋಡಿತು. "ಬಾಯಿ ಮುಚ್ಚೋಣ ಅಂದರೆ ಕೀಲು ತುಕ್ಕು ಹಿಡಿದಿದೆ. ತೆರೆದ ಬಾಯಿ ತೆರೆದೇ ಇದೆ. ನೊಣ ಬರುತ್ತವೆ" ಎಂದಿತು.

ಬರಮನ ಸೊಂಟದ ಚೀಲದಲ್ಲಿ ಊಟದ ಮಂಡಕ್ಕಿಗೆ ಕಲಸಲು ತಂದಿದ್ದ ಎಣ್ಣೆಯಿತ್ತು. ಅದನ್ನೆಲ್ಲ ಮೊಸಳೆಯ ದವಡೆಗೆ ಹಾಕಿ ತಿಕ್ಕಿದ. ಬಾಯಿ ಕಿರ್ ಎಂದು ಮುಚ್ಚಿತು. ಮುಚ್ಚಿದ ಬಾಯಿಂದ ಯಾರನ್ನೂ ನುಂಗಲಾಗುವುದಿಲ್ಲ. ಬರಮ ದೋಣಿಯ ಬಾಗಿದ ಮರಗಳನ್ನು ಕಳಚಿಕೊಂಡು, ಅಂದು ಒಣ ಮಂಡಕ್ಕಿಯನ್ನೇ ತಿಂದು, ಮನೆಗೆ ಬಂದ. ಅಕ್ಕನ ಮೊಣಕಾಲು ಕಲ್ಲಾಗಿತ್ತು.

ಎರಡನೆಯದಾಗಿ ಅರಮನೆಯ ಹಿಂಭಾಗಕ್ಕೆ ಹೋದ. ಅಲ್ಲಿ ಆನೆಲಾಯದ ಹಿಂದೆ ಹಳೆಯ ಅಂಬಾರಿ ಬಿದ್ದಿತ್ತು. ಆನೆಯ ಮೇಲೆ ಕಟ್ಟಿ ದೊರೆ ಕೂರುವ ಮಂಟಪವೇ ಅಂಬಾರಿ. ಕಾಲು ಮುರಿದು ಅಡ್ಡಬಿದ್ದಿತ್ತು, ಮೇಲಿನ ಗುಮ್ಮಟ ಮಾತ್ರ ಚೆನ್ನಾಗಿತ್ತು. ಅದನ್ನು ಕಾಯುತ್ತಿದ್ದುದು ಮೇಣದ ಆನೆ. ಬಿಸಿಲಿಗೆ ಕರಗಿ ಕರಗಿ ಅದರ ಕಿವಿ ಹೆಗಲಿಗೆ ಅಂಟಿತ್ತು.

"ಇದು ಯಾರದು?" ಎಂದಿತು ಆನೆ.

"ನನ್ನದಲ್ಲ" ಎಂದ ಬರಮ.

"ನನ್ನದು" ಎಂದು ಹಿಂದಿನಿಂದ ಇನ್ನೊಂದು ದನಿ ಬಂತು. ನೋಡಿದರೆ ದೊರೆ ವೀರದಂಡಿರಾಯ! ನಿದ್ದೆಯಿಲ್ಲದೆ ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ಸುತ್ತಾಡುತ್ತಿದ್ದ. ಆನೆ ಸೊಂಡಿಲೆತ್ತಿತು. ದೊರೆ ಗಾಬರಿಯಾಗಿ, "ಅಂದರೆ, ಮೊದಲು ನನ್ನದಾಗಿತ್ತು! ಈಗ ಬಿಸಾಡಿದ್ದೇನೆ!" ಎಂದ. ಆನೆ ಸೊಂಡಿಲಿಳಿಸಿತು.

ಬರಮ ಕೈಮುಗಿದು, "ಬುದ್ಧೀ, ನಮ್ಮಕ್ಕ ಕಲ್ಲಾಗ್ತಾ ಇದಾಳೆ. ಚಪ್ಪರಕ್ಕೆ ಈ ಗುಮ್ಮಟ ಬೇಕು" ಎಂದ.

ದೊರೆ ಗುಮ್ಮಟವನ್ನು ಸವರಿದ. "ಎಂದಾದರೂ ಸರಿಮಾಡಿಸೋಣ ಅಂತ ಇಟ್ಟಿದ್ದೆ ಕಣಪ್ಪ. ಎಷ್ಟು ವರ್ಷ ಆಯಿತೋ! ಆಯಿತು, ತೆಗೆದುಕೊಂಡು ಹೋಗು." ಆಮೇಲೆ ಆನೆಗೆ ಕೇಳಿಸದಂತೆ ಬರಮನ ಕಿವಿಯ ಹತ್ತಿರ ಬಂದು, "ಆದರೆ ನನಗೆ ಬೇಕಾದಾಗ ಹೇಳಿ ಕಳಿಸುತ್ತೇನೆ, ವಾಪಸು ಕೊಡಬೇಕು" ಎಂದ.

ಬರಮ ತಲೆಯಾಡಿಸಿದ. ಅವನಿಗೆ ಮನೆಗೆ ಹೋಗುವ ಆತುರ. ಆ ಮಾತಿನಲ್ಲಿ ಎಂಥ ಕೊಕ್ಕೆಯಿದೆಯೆಂದು ಯೋಚಿಸುವಷ್ಟು ಅವನ ತಲೆ ಓಡುತ್ತಿರಲಿಲ್ಲ. ಹೋಗುವ ಮುಂಚೆ ಲಾಯದ ಹರಕು ತಟ್ಟಿಯೊಂದನ್ನು ಆನೆಯ ತಲೆಯ ಮೇಲೆ ನೆರಳಿಗೆ ಹೊದಿಸಿದ. ಗುಮ್ಮಟವನ್ನು ಉರುಳಿಸಿಕೊಂಡು ಮನೆಗೆ ಬಂದಾಗ ಅಕ್ಕನ ಸೊಂಟ ಕಲ್ಲಾಗಿತ್ತು. ಅವಳು ಇನ್ನೂ ಮಂಡಕ್ಕಿ ಹುರಿಯುತ್ತಿದ್ದಳು.

"ನಿಲ್ಸು ಅಕ್ಕ, ಸಾಕು."

"ನಿಲ್ಸೋಕೂ ತ್ರಾಣ ಬೇಕಲ್ಲೋ" ಎಂದಳು.

ಮೂರನೆಯದು ಹೊಸ್ತಿಲು. ಊರಿನ ಎಲ್ಲ ಮನೆಗಳ ಹೊಸ್ತಿಲೂ ಮನೆಯಲ್ಲೇ ಇದ್ದವು. ಹೊಸ್ತಿಲನ್ನು ಯಾರೂ ಬಿಸಾಡುವುದಿಲ್ಲ. ಬಿಸಾಡಿದವನು ಒಬ್ಬನೇ, ಧೂಮಜಟ. ಅವನು ತನ್ನ ತಾಯಿಯ ಹಳೇ ಮನೆಯನ್ನು ಕೆಡವಿ ಆ ಜಾಗದಲ್ಲೇ ಗೋಪುರ ಕಟ್ಟಿಸಿದ್ದ. ತಾಯಿ ದಿನವೂ ಅರಿಸಿನ ಹಚ್ಚುತ್ತಿದ್ದ ಹೊಸ್ತಿಲನ್ನು, ಬಗ್ಗಿ ಮುಟ್ಟಿ ದಾಟುವುದು ತನ್ನ ಹೊಟ್ಟೆಗೆ ಕಷ್ಟವೆಂದು, ಗೋಪುರದ ಹಿಂದೆ ಎಸೆದಿದ್ದ.

ಅಲ್ಲಿ ಪಟ್ಟೆಗಳಿಲ್ಲದ ಹುಲಿ ಕಾವಲಿತ್ತು. ಮಾಂತ್ರಿಕ ಅದರ ಪಟ್ಟೆಗಳನ್ನೇ ಬಿಚ್ಚಿ, ಹಗ್ಗ ಹೊಸೆದು, ಅದೇ ಹಗ್ಗದಿಂದ ಅದನ್ನು ಕಟ್ಟಿದ್ದ. ಮೇಲಿನಿಂದ ಅವನ ಗೊರಕೆ ಗುಡುಗಿನಂತೆ ಕೇಳುತ್ತಿತ್ತು.

"ಇದು ಯಾರದು?" ಎಂದಿತು ಹುಲಿ.

ಬರಮ ಉತ್ತರ ಕೊಡಲು ಬಾಯಿ ತೆರೆದ. ಆದರೆ ಮಾತೇ ಬರಲಿಲ್ಲ. ಅಷ್ಟು ದಣಿದಿದ್ದ. ಮಣ್ಣಿನಲ್ಲಿ ಹೂತಿದ್ದ ಹೊಸ್ತಿಲಿಗೆ ತಲೆಯಾನಿಸಿ ಕೂತ, ಕೂತಲ್ಲೇ ನಿದ್ದೆಹೋದ.

ಹುಲಿ ಬಗ್ಗಿ ನೋಡಿತು. ಮನುಷ್ಯನೊಬ್ಬ ನಿಜವಾಗಿ ನಿದ್ದೆ ಮಾಡುವುದನ್ನು ಅದು ನೋಡಿ ಎಷ್ಟು ಕಾಲವಾಗಿತ್ತೋ! ಎಬ್ಬಿಸಲು ಮನಸ್ಸಾಗಲಿಲ್ಲ. ನನ್ನದು ಎಂದೂ ಅವನು ಅಂದಿರಲಿಲ್ಲವಲ್ಲ. ಹುಲಿಯೂ ಪಕ್ಕದಲ್ಲಿ ಒರಗಿ, ಹೊಸ್ತಿಲ ಮೇಲೆ ಗದ್ದವಿಟ್ಟು, ಕಣ್ಣು ಮುಚ್ಚಿತು.

ಬರಮನಿಗೆ ಎಚ್ಚರವಾಯಿತು, ದಡಬಡಿಸಿ ಎದ್ದ. ಅಕ್ಕ ಅಲ್ಲಿ ಕಲ್ಲಾಗುತ್ತಿದ್ದಾಳೆ, ತಾನಿಲ್ಲಿ ಮಲಗಿದ್ದೇನೆ! ಹುಲಿಯ ಗದ್ದವನ್ನು ಮೆಲ್ಲಗೆ ಎತ್ತಿ ತನ್ನ ಹೆಗಲವಸ್ತ್ರದ ಮೇಲೆ ಇಟ್ಟು, ಹೊಸ್ತಿಲನ್ನು ಕಿತ್ತು ಹೊತ್ತುಕೊಂಡು ಓಡಿದ. ನಿದ್ದೆಗಣ್ಣಿನಲ್ಲೇ ಹುಲಿ, "ಮೆಲ್ಲಗೆ ಹೋಗೋ ಮಾರಾಯ" ಎಂದಿತು.

ಮನೆಗೆ ಬಂದರೆ ಅಕ್ಕನ ಎದೆಯವರೆಗೂ ಕಲ್ಲು. ಸೌಟು ಕೈಜಾರಿ ಬಿದ್ದಿತ್ತು. ಅಷ್ಟು ಹೊತ್ತಿಗೆ ನಿದ್ದೆಯಿಂದ ಅವನಿಗೆ ಬಂದಿದ್ದ ಹೊಸ ಕಸುವೂ ಓಟಕ್ಕೇ ಬತ್ತಿತ್ತು.

ಆದರೂ ಬರಮ ಚಪ್ಪರ ಕಟ್ಟಲು ನಿಂತ. ಹಿತ್ತಲಿನಲ್ಲಿ ನುಗ್ಗೆಮರದ ಬುಡದ ಹತ್ತಿರ ದೋಣಿಯ ಮರಗಳನ್ನು ನೆಟ್ಟ. ಅವು ಬಾಗಿದ್ದವು, ನೆಟ್ಟಗೆ ನಿಲ್ಲಿಸಲು ನೋಡಿದ, ನಿಲ್ಲಲಿಲ್ಲ. ಒಂದರ ಕಡೆ ಒಂದು ಬಾಗುವಂತೆ ನಿಲ್ಲಿಸಿದಾಗ ಒಂದನ್ನೊಂದು ಆತುಕೊಂಡು ನಿಂತವು. ಮೇಲೆ ಅಂಬಾರಿಯ ಗುಮ್ಮಟ ಏರಿಸಿದ. ತೂತುಗಳಿಗೆ ತಿಪ್ಪೆಯ ಒಡಕು ಹೆಂಚು, ಹರಕು ಗೋಣಿ. ಒಂದು ಬದಿಗೆ ಮುರುಕು ಏಣಿ ಒರಗಿಸಿ ಬಸಳೆ ಬಳ್ಳಿಯನ್ನು ಅದಕ್ಕೆ ಹಬ್ಬಿಸಿದ. ಮುಂದೆ ಹೊಸ್ತಿಲು ಹೂತ. ಮಾಡು ಒಂದು ಕಡೆ ವಾಲಿತ್ತು. ಹೊಡೆದ ಮೊಳೆಗಳಲ್ಲಿ ಅರ್ಧ ಸೊಟ್ಟ.

ಅಕ್ಕನನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಒಳಗೆ ಮಲಗಿಸಿದ.

"ಬಸಳೆ ತಂಪಾಗಿದೆ" ಎಂದಳು. ಆಮೇಲೆ, "ಆ ಮಾಡು ನನ್ನ ಮೇಲೆ ಬೀಳಲ್ಲ ತಾನೆ?"

"ಬೀಳಲ್ಲ ಸುಮ್ನಿರು" ಎಂದು ಬರಮ ಹೊಸ್ತಿಲ ಮುಂದೆ ನಿಂತು, ಇದ್ದಬದ್ದ ದನಿಯಲ್ಲಿ, "ಹಾಲವ್ವ" ಎಂದು ಕೂಗಿದ.

ಏನೂ ಆಗಲಿಲ್ಲ. ಕಲ್ಲು ಅಕ್ಕನ ಕುತ್ತಿಗೆಗೆ ಏರಿತು.

ಬರಮ ಮತ್ತೆ ಕೂಗಿದ. ಕಲ್ಲು ಗದ್ದ ಮುಟ್ಟಿತು. ಅವನು ಹೊಸ್ತಿಲ ಪಕ್ಕದಲ್ಲಿ ಕುಸಿದು ಕಂಬ ನೋಡಿದ, ಮಾಡು ನೋಡಿದ. ಆಗ ನೆನಪಾಯಿತು: ವಾಪಸು ಕೊಡಬೇಕು ಎಂದಿದ್ದ ದೊರೆ. ಅಂದರೆ ಅಂಬಾರಿಯನ್ನು ಅವನು ಬಿಸಾಡಿಯೇ ಇರಲಿಲ್ಲ! ಅದು ಇನ್ನೂ ಅರಮನೆಯದೇ. ಅರಮನೆಯೆಂದರೆ ಹೆಬ್ಬಾಗಿಲ ಒಳಗಿನದು, ಧೂಮಜಟನದು. ನಿದ್ದೆಯೆಲ್ಲ ಆ ಗುಮ್ಮಟದ ಮೂಲಕ ಅವನಿಗೇ ಸೋರುತ್ತಿತ್ತು.

ಅಷ್ಟರಲ್ಲಿ ಬೇಲಿಯಾಚೆ ಯಾರೋ ಕೆಮ್ಮಿದರು. ದೊರೆಯೇ. ಅಂಬಾರಿ ಹೇಗಿದೆಯೋ ನೋಡಿ ಹೋಗೋಣವೆಂದು ಬಂದಿದ್ದ. ಕೊಟ್ಟ ವಸ್ತುವನ್ನು ನೋಡಲು ಬರುವವರು ಪೂರ್ತಿ ಕೊಟ್ಟಿರುವುದಿಲ್ಲ.

"ಬುದ್ಧೀ, ಬಿಟ್ಟುಬಿಡಿ ಅದನ್ನ" ಎಂದ ಬರಮ. "ನನ್ನದಲ್ಲ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನನಗೆ ಹಾಗೆ ಹೇಳಿ ಅಭ್ಯಾಸವಿಲ್ಲವಲ್ಲಪ್ಪ" ಎಂದ ದೊರೆ. "ಆ ಅಂಬಾರಿಯಲ್ಲಿ ನಮ್ಮ ತಾತ ಕೂತಿದ್ದರು." ಹೇಳುತ್ತ ಬಗ್ಗಿ ಒಳಗೆ ನೋಡಿದ. ಕಲ್ಲಿನ ಮೇಲೆ ಒಂದು ಹೆಣ್ಣಿನ ಮುಖ ಮಾತ್ರ ಉಳಿದಿತ್ತು. ಅದು ಅವನನ್ನು ನೋಡಿ, "ಬನ್ನಿ ಬುದ್ಧಿ, ಎದ್ದು ಮಣೆ ಹಾಕೋಕಾಗಲ್ಲ, ತಪ್ಪು ತಿಳ್ಕೋಬೇಡಿ" ಎಂದಿತು.

ದೊರೆ ಮಾಡಿನತ್ತ ತಲೆಯೆತ್ತಿದ. "ನನ್ನದಲ್ಲ" ಎಂದ. ಇನ್ನೊಮ್ಮೆ ಸ್ಪಷ್ಟವಾಗಿ, "ಇದು ನನ್ನದಲ್ಲ. ವಾಪಸೂ ಬೇಡ" ಎಂದ. ಗುಮ್ಮಟ ನಿಟ್ಟುಸಿರು ಬಿಟ್ಟಂತೆ ಕೊಂಚ ಕೆಳಗೆ ಕೂತಿತು.

ಅದೇ ಗಳಿಗೆಯಲ್ಲಿ ಗೋಪುರದಲ್ಲಿ ಧೂಮಜಟನ ಗೊರಕೆ ನಿಂತಿತು. ಹೆಸರಿಲ್ಲದ ಹೊಸ ಮನೆಯೊಂದು ಎದ್ದಿದೆಯೆಂದು ಅವನಿಗೆ ತಿಳಿಯಿತು. ಹೊಗೆಯಾಗಿ ಹಾರಿಬಂದು ಹಿತ್ತಲಿನಲ್ಲಿ ಬೆಟ್ಟದಂತೆ ನಿಂತ. ಅವನ ಕೆನ್ನೆ ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು.

"ಧೂಮಜಟ!" ಎಂದು ಕೂಗಿದ. ನುಗ್ಗೆಕಾಯಿ ಉದುರಿದವು. "ಧೂಮಜಟ! ಧೂಮಜಟ!" ಊರಿನ ಕಿಟಕಿಗಳೆಲ್ಲ ಅದುರಿದವು.

ಚಪ್ಪರಕ್ಕೆ ಮಾತ್ರ ಕೇಳಿಸಲೇ ಇಲ್ಲ.

ಅದು ಹೇಗೆಂದು ಹೇಳುತ್ತೇನೆ. ಹೊಸ ಮರಕ್ಕೆ ದಣಿದ ದನಿ ಕೇಳಿಸುವುದಿಲ್ಲ. ಆದರೆ ಈ ಚಪ್ಪರದಲ್ಲಿ ಹೊಸತು ಏನಿತ್ತು? ದೋಣಿ ಜನರನ್ನು ಹೊತ್ತು ದಣಿದದ್ದು, ಅಂಬಾರಿ ದೊರೆಗಳನ್ನು ಹೊತ್ತು ದಣಿದದ್ದು, ಹೊಸ್ತಿಲು ಕಾಲುಗಳಿಗೆ ಸವೆದದ್ದು. ದಣಿವನ್ನೇ ಅರಿಯದ ದನಿ ಅವುಗಳಿಗೆ ಯಾವುದೋ ಪರದೇಶದ ಭಾಷೆಯಂತಿತ್ತು.

ಬರಮ ಅಕ್ಕನ ಕಿವಿಯ ಬಳಿ ಬಗ್ಗಿ, "ನೀನೇ ಹೇಳು ಅಕ್ಕ, ನಿನ್ನ ಹೆಸರು ಹೇಳು" ಎಂದ. ಅವನ ದನಿ ಹೋಗಿತ್ತು. ಕಲ್ಲು ಅವಳ ಕೆಳತುಟಿಗೆ ಬಂದಿತ್ತು.

ಹಾಲವ್ವ ಕಣ್ಣು ಹೊರಳಿಸಿ ನೋಡಿದಳು. ತಮ್ಮ ನಿಂತಲ್ಲೇ ತೂರಾಡುತ್ತಿದ್ದ. ದೊರೆ ಕಂಬ ಹಿಡಿದು ನಿಂತಿದ್ದ. ಕೂಗಿಗೆ ಹೊರಗೆ ಬಂದ ಊರಿನವರು ಬೇಲಿಯುದ್ದಕ್ಕೂ ಇದ್ದರು, ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಥೇಟು ದೋಣಿಯ ಮರಗಳಂತೆ. ಅಲ್ಲಿ ಒಂದೇ ಹೆಸರನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ದಣಿದವರದು" ಎಂದಳು. ಪಿಸುಮಾತಿನಲ್ಲಿ.

ಚಪ್ಪರಕ್ಕೆ ಅದು ಕೇಳಿಸಿತು.

ಮೊದಲು ಬಸಳೆ ಎಲೆಗಳು ಅಲುಗಿದವು. ಆಮೇಲೆ ಗುಮ್ಮಟದಿಂದ ತಣ್ಣನೆಯ ಗಾಳಿ ಇಳಿಯಿತು. ಹಾಲವ್ವನ ಕಣ್ಣು ಮುಚ್ಚಿತು. ಬರಮ ಹೆದರಿ ಅವಳ ಮೂಗಿನ ಹತ್ತಿರ ಕೈಯಿಟ್ಟ. ಉಸಿರು ಬಿಸಿಯಾಗಿತ್ತು. ಅಕ್ಕ ನಿದ್ದೆ ಮಾಡುತ್ತಿದ್ದಳು. ಭಟ್ಟಿಯ ಗೋಡೆಯಿಂದ ಹಳೇ ಗಾರೆ ಉದುರುವ ಹಾಗೆ ಅವಳ ಮೈಯಿಂದ ಕಲ್ಲು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಬರಮ ಅಲ್ಲೇ ಅವಳ ಪಾದದ ಬಳಿ ಬಿದ್ದು ನಿದ್ದೆಹೋದ. ದೊರೆ ಕಿರೀಟವನ್ನು ತಲೆದಿಂಬು ಮಾಡಿಕೊಂಡ. ಅದು ಚುಚ್ಚಿತು. ತೆಗೆದು ಹೊರಗಿಟ್ಟು ಮಲಗಿದ.

ಆಮೇಲೆ ಊರಿನವರು ಸರದಿಯಲ್ಲಿ ಬಂದರು. ಪೂರ್ತಿ ಕಲ್ಲಾಗಿದ್ದವರನ್ನು ಮನೆಯವರು ಗಾಡಿಯಲ್ಲಿ ತಂದರು. ಕಲ್ಲಿನ ಮೊಗದಲ್ಲಿ ಮೊದಲು ಒಂದು ಆಕಳಿಕೆ ಬಂದರೆ, ಇವರು ಉಳಿದರು ಎಂದು ಎಲ್ಲರೂ ಹಿಗ್ಗುತ್ತಿದ್ದರು. ಕಬ್ಬಿಣದ ಮೊಸಳೆಯೂ ಬಂತು. ಅದು ಒಳಗೆ ಹಿಡಿಸಲಿಲ್ಲ, ಮೂತಿ ಮಾತ್ರ ಇಟ್ಟಿತು. ಬಸಳೆಯ ಎರಡು ಎಲೆ ಅದರ ಕಣ್ಣಿನ ಮೇಲೆ ಬಿದ್ದು ರೆಪ್ಪೆಗಳಾದವು. ನೆರಳಿಗೆ ಆನೆ ಗಟ್ಟಿಯಾಯಿತು. ಹುಲಿಯ ಹಗ್ಗ ತಾನಾಗಿ ಬಿಚ್ಚಿ ಮೈಮೇಲೆ ಪಟ್ಟೆಗಳಾಗಿ ಕೂತಿತು. ಒಂದೆರಡು ಸೊಟ್ಟಗೆ ಕೂತವು, ಅದಕ್ಕೆ ಹುಲಿ ಬೇಸರಪಡಲಿಲ್ಲ.

ನಿದ್ದೆ ಮಾಡಿ ಎದ್ದವರ ದನಿ ಮರಳಿತು. ಅವರು ತಂತಮ್ಮ ಮನೆಗೆ ಹೋಗಿ, ಹೊಸ್ತಿಲ ಮುಂದೆ ನಿಂತು, ತಮ್ಮ ಹೆಸರನ್ನು ಕೂಗಿದರು. ಒಂದೊಂದು ಮನೆ ಅವರದಾದಾಗಲೂ ಧೂಮಜಟ ಒಂದಿಷ್ಟು ಕುಗ್ಗಿದ. ಬೆಟ್ಟ ಗುಡ್ಡವಾಯಿತು, ಗುಡ್ಡ ಬಂಡೆಯಾಯಿತು, ಬಂಡೆ ಒಬ್ಬ ಮುದುಕನಾಯಿತು. ಕಡೆಯ ಮನೆಯೂ ಕೈಬಿಟ್ಟು ಹೋದಾಗ, ಅವನಿಗೆ ಮೊದಲ ಬಾರಿಗೆ ದಣಿವೆಂದರೇನೆಂದು ತಿಳಿಯಿತು. ಹೊಸ್ತಿಲಿಲ್ಲದ ಗೋಪುರವೂ ಅವನದಾಗಿ ಉಳಿಯಲಿಲ್ಲ. ಕೂರಲು ಅವನಿಗೆ ಒಂದೂ ಜಾಗವಿರಲಿಲ್ಲ.

ನಡೆದು ನಡೆದು ಹಿತ್ತಲಿಗೆ ಬಂದ. ಜನ ಅವನನ್ನು ಗುರುತು ಹಿಡಿದು ಎದ್ದು ನಿಂತರು. ಬರಮ ಕೈಯಲ್ಲಿ ಸೌಟು ಹಿಡಿದ.

"ಕೆಳಗಿಡೋ ಅದನ್ನ" ಎಂದಳು ಹಾಲವ್ವ. "ಚಪ್ಪರ ಯಾರದು ಅಂತ ನಾನು ಅವತ್ತೇ ಹೇಳಿದೀನಿ. ಆ ಮನುಷ್ಯನ್ನ ನೋಡು, ದಣಿದಿಲ್ವಾ?"

ಧೂಮಜಟ ಒಳಗೆ ಕಾಲಿಡಲು ಹೋಗಿ ನಿಂತ. ಹೊಸ್ತಿಲನ್ನು ನೋಡಿದ. ಮರದ ಸಂದಿನಲ್ಲಿ ಇನ್ನೂ ಹಳದಿ ಉಳಿದಿತ್ತು. ಅವನು ಮೆಲ್ಲಗೆ, ಬಹಳ ಕಷ್ಟಪಟ್ಟು, ಬಗ್ಗಿ ಅದನ್ನು ಮುಟ್ಟಿದ. ಬೆರಳನ್ನು ಕಣ್ಣಿಗೊತ್ತಿಕೊಂಡ. ದಾಟಿ ಹೋಗಿ ಒಂದು ಮೂಲೆಯಲ್ಲಿ, ಮೊಣಕಾಲು ಮಡಚಿಕೊಂಡು, ಚಿಕ್ಕ ಮಗುವಿನಂತೆ ಮಲಗಿದ. ಎದ್ದಾಗ ಅವನಿಗೆ ಮಂತ್ರಗಳು ಮರೆತಿದ್ದವು. ತನ್ನ ಹೆಸರು ಮಾತ್ರ ನೆನಪಿತ್ತು, ಅದನ್ನು ಅವನು ಕೂಗಲಿಲ್ಲ. ಅವನ ಗೋಪುರವನ್ನು ಬಿಚ್ಚಿ ಜನ ಅವರವರ ಹಿತ್ತಲಿಗೆ ಬೇಕಾದ ಕಲ್ಲು ಮರ ಒಯ್ದರು. ಹೊರುವ ಕೆಲಸಕ್ಕೆ ಅವನೂ ಕೈಹಚ್ಚಿದ.

ಹಾಲವ್ವ ಮತ್ತೆ ಮಂಡಕ್ಕಿ ಹುರಿದಳು, ಆದರೆ ಕೂತು ಹುರಿದಳು. ಬರಮ ಮಾಡಿನ ವಾಲುವಿಕೆಯನ್ನು ಸರಿಮಾಡುತ್ತೇನೆಂದು ಹೇಳುತ್ತಲೇ ಇದ್ದ. ದೊರೆ ಆಗಾಗ ಬಂದು ಮಧ್ಯಾಹ್ನದ ನಿದ್ದೆ ಮಾಡಿ, ಅಂಬಾರಿಯ ಮಾತೆತ್ತದೆ, ಮಂಡಕ್ಕಿ ತಿಂದು ಹೋಗುತ್ತಿದ್ದ. ಕಣಗಲೂರಿನಲ್ಲಿ ಎಲ್ಲರೂ ಸುಖವಾಗಿದ್ದರು. ಸುಖವಾಗಿ ಅಂದರೆ, ದಿನವಿಡೀ ದುಡಿದು, ಸಂಜೆಗೆ ದಣಿದು, ಬೆಳಿಗ್ಗೆ ಆ ದಣಿವು ಇಲ್ಲದೆ ಏಳುತ್ತಿದ್ದರು.